ಹನುಮಕ್ಕನ ಊರು ಯಾವುದು?

ಲಿಂಗಣ್ಣ ಸುಳ್ಳು ಹೇಳುವ ಗಂಡಸಲ್ಲ. ಒಂದು ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತು ಅನ್ನುವ ಹೊತ್ತಿನಲ್ಲೂ ಹೇಳುವುದಿಲ್ಲ. ಮದುವೆಯಾದ ಲಾಗಾಯ್ತಿನಿಂದ ಹೆಂಡತಿ ಹನುಮಕ್ಕನಿಗೆ ಅವನ ಮೇಲಿರುವ ದೊಡ್ಡ ತಕರಾರು ಅದೇ. ಕಣ್ಣಿನ ಪೊರೆ ತೆಗೆಸಿಕೊಂಡು, ಹಣೆಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಅವನು ಕರಿಬಂಡೆಹಟ್ಟಿಯ ತನ್ನ ಮನೆ ಜಗಲಿಯ ಮೇಲೆ ಕೂತಿದ್ದಾಗ, ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುತ್ತಿದ್ದವರು ಬಂದು, "ಹನುಮಕ್ಕ ಅನ್ನೋರು ಎಲ್ಲಿ?" ಎಂದು ಕೇಳಿದರು.

"ತುರುವೇಕೆರೆ ಕಡೆ ತೋಟದಾಗವ್ಳೆ," ಅಂದ ಲಿಂಗಣ್ಣ.

"ಯಾವಾಗ ಬರ್ತಾರೆ?"

"ಮಳೆ ಬಿದ್ಮೇಲೆ."

ಬಂದವರು ಏನೋ ಬರೆದುಕೊಂಡು ಮುಂದಿನ ಮನೆಗೆ ಹೋದರು. ಬಿಸಿಲಲ್ಲಿ ಬಂದಿದ್ದಾರೆ, ಕುಡಿಯಲು ಮಜ್ಜಿಗೆ ಕೊಡಲಾಗಲಿಲ್ಲವಲ್ಲ ಎಂದು ಲಿಂಗಣ್ಣ ಆಮೇಲೆ ಪೇಚಾಡಿಕೊಂಡನಂತೆ. ಆಸಾಮಿ ಅಂಥವನು.

ಕುರಿ ಸಾಕುವವರ ಹಟ್ಟಿಯಲ್ಲಿ ಈ ಮಾತನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಹುಳಿಯಾರಿನ ಆಚೆಯ ಬೆದ್ದಲು ಹೊಲಗಳಲ್ಲಿ ರಾಗಿ ಕೊಯ್ದು ಹುರುಳಿ ಕಿತ್ತಾದ ಮೇಲೆ ಕುರಿಗೆ ಕಡಿಯಲು ಏನೂ ಉಳಿಯುವುದಿಲ್ಲ. ಆಗ ಮಂದೆ ಹೊಡೆದುಕೊಂಡು ತೆಂಗಿನ ಸೀಮೆಗೆ ಇಳಿಯುತ್ತಾರೆ. ಹಗಲೆಲ್ಲ ಮೇಯಿಸುವುದು, ಸಂಜೆಯಾದರೆ ಯಾರದಾದರೂ ತೋಟದಲ್ಲಿ ಬೇಲಿಯ ಹಾಗೆ ಸುತ್ತ ಬಲೆ ಕಟ್ಟಿ ಮಂದೆ ನಿಲ್ಲಿಸುವುದು. ಕುರಿಯ ಹಿಕ್ಕೆ, ಗಂಜಲ ಬಿದ್ದ ತೆಂಗು ಚೆನ್ನಾಗಿ ಕಾಯಿ ಕಚ್ಚುತ್ತದೆಂದು ತೋಟದವರೇ ಹೇಳಿಕಳಿಸಿ ಕರೆಸುತ್ತಾರೆ, ರಾಗಿ ಕೊಡುತ್ತಾರೆ, ಕಾಯಿ ಕೊಡುತ್ತಾರೆ. ಹಟ್ಟಿಯ ಸುತ್ತ ಮುಂಗಾರಿನ ಹಸಿರು ಕಂಡಿತು ಅನ್ನುವ ಸುದ್ದಿ ಬಂದ ದಿನ ಬಲೆ ಬಿಚ್ಚಿಕೊಂಡು ವಾಪಸ್ಸು. ಅಜ್ಜನ ಕಾಲದಿಂದಲೂ ಹೀಗೇ. ಅವರ ಬಾಯಲ್ಲಿ "ತೋಟದಾಗವ್ಳೆ" ಅಂದರೆ ಕೆಲಸಕ್ಕೆ ಹೋಗಿದ್ದಾಳೆ ಎಂದಷ್ಟೇ ಅರ್ಥ. ಆದರೆ ಪಟ್ಟಿಯವರ ಕಾಗದದಲ್ಲಿ ಇಂಥ ಉತ್ತರಕ್ಕೆ ಜಾಗವೇ ಇರಲಿಲ್ಲ. ಮನೆಯಲ್ಲಿಲ್ಲದವರು ಒಂದೋ ಸತ್ತಿರಬೇಕು, ಇಲ್ಲವೇ ಊರು ಬಿಟ್ಟಿರಬೇಕು. ಹೀಗೆ ಹನುಮಕ್ಕ, ತನಗೇ ಗೊತ್ತಿಲ್ಲದ ಹಾಗೆ, ಊರು ಬಿಟ್ಟವಳಾದಳು.

ಸುದ್ದಿ ಮುಟ್ಟಿದ್ದು ಸೊಸೆ ಅನುಪಮಾಳ ಫೋನಿಗೆ. ಹುಳಿಯಾರು ಮಾರ್ಕೆಟ್ಟಿನಲ್ಲಿ ಲಗೇಜ್ ಆಟೋ ಓಡಿಸುವ ಮಗ ಚಿರಂಜೀವಿ, ಪಂಚಾಯ್ತಿ ಗೋಡೆಗೆ ಅಂಟಿಸಿದ್ದ ಹಾಳೆಯ ಫೋಟೋ ತೆಗೆದು ಹೆಂಡತಿಗೆ ಕಳಿಸಿದ್ದ. ಅತ್ತೆ ಸೊಸೆ ಇಬ್ಬರೂ ಆಗ ತುರುವೇಕೆರೆಯ ಹತ್ತಿರ ಹೊಂಗೇಪಾಳ್ಯದ ಶಿವಮೂರ್ತಿಯ ತೋಟದಲ್ಲಿದ್ದರು. ಲಿಂಗಣ್ಣನ ಕಣ್ಣಿನ ದೆಸೆಯಿಂದ ಆ ವರ್ಷ ಮಂದೆ ಹೆಂಗಸರ ಪಾಲಿಗೆ ಬಿದ್ದಿತ್ತು.

"ಅತ್ತೆ, ನಿಮ್ಮ ಹೆಸ್ರು ತೆಗ್ದಾಕವ್ರೆ," ಅಂದಳು ಅನುಪಮಾ. "ಊರಾಗಿಲ್ಲ ಅಂತ ಬರ್ದವ್ರೆ. ಮಾವಂದೂ ಅವ್ರ ಮಗಂದೂ ಐತೆ. ನಂದಿನ್ನೂ ತವರಿನ ಪಟ್ಟೀಲೇ ಐತೆ. ನಿಮ್ದೊಂದೇ ಇಲ್ಲ."

ಹನುಮಕ್ಕ ಕುಂಟುತ್ತಿದ್ದ ಕುರಿಯೊಂದರ ಗೊರಸಿನಿಂದ ಮುಳ್ಳು ಕೀಳುತ್ತಿದ್ದಳು. "ಕಾರ್ಡೈತಲ್ಲೇ ನಂತಾವ," ಅಂದಳು. ಕಂಬಳಿಯ ಮೂಲೆಯಲ್ಲಿ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಓಟಿನ ಕಾರ್ಡು, ಆಧಾರ್ ಕಾರ್ಡು ಎರಡೂ ಇದ್ದವು. ಹೋದಲ್ಲೆಲ್ಲ ಅವನ್ನು ಹೊತ್ತುಕೊಂಡೇ ಹೋಗುತ್ತಿದ್ದಳು.

"ಕಾರ್ಡಿದ್ರೆ ಸಾಲ್ದಂತೆ ಅತ್ತೆ. ಪಟ್ಟೀಲಿ ಹೆಸ್ರಿಲ್ದಿದ್ರೆ ಕಾರ್ಡಿಗೆ ಬೆಲೆ ಇಲ್ವಂತೆ."

ಮುಳ್ಳು ಅರ್ಧಕ್ಕೆ ಮುರಿಯಿತು. ಹನುಮಕ್ಕ ಕುರಿಯನ್ನು ಬಿಟ್ಟು ಎದ್ದು ನಿಂತಳು.

ಅವಳಿಗೆ ಓಟೆಂದರೆ ಏನು ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಹನುಮಕ್ಕ ಶಾಲೆಯ ಮೆಟ್ಟಿಲು ಹತ್ತಿದ್ದೇ ಓಟು ಹಾಕಲು. ಮಂದೆ ಎಲ್ಲೇ ಇರಲಿ, ಓಟಿನ ಹಿಂದಿನ ದಿನ ಅದನ್ನು ಯಾರಿಗಾದರೂ ಒಪ್ಪಿಸಿ ಹಟ್ಟಿಗೆ ಹೋಗಿ ಬರುತ್ತಿದ್ದಳು. ಒಂದು ಸಲವಂತೂ ಬಸ್ಸು ತಪ್ಪಿ ಕೊಬ್ಬರಿ ಲಾರಿಯ ಮೂಟೆಗಳ ಮೇಲೆ ಕೂತು ಹೋಗಿದ್ದಳು. ಅದಕ್ಕೆ ಕಾರಣವಿತ್ತು. ಹಟ್ಟಿಗೆ ನೀರಿನ ಪೈಪು ಬಂದದ್ದು, ಗಂಡಸರೆಲ್ಲ ಒಂದು ಕಡೆ ವಾಲಿದ್ದಾಗ ಹೆಂಗಸರು ಒಟ್ಟಾಗಿ ಇನ್ನೊಂದು ಕಡೆ ಒತ್ತಿದ ವರ್ಷ. ಗೆದ್ದವನು ಕೂದಲೆಳೆಯಲ್ಲಿ ಗೆದ್ದ, ಪೈಪು ಹಾಕಿಸಿದ. ಅಂದಿನಿಂದ ಓಟು ಕೇಳಲು ಬಂದವರು ಹನುಮಕ್ಕನ ಜಗಲಿಯ ಮೇಲೆ ಕೂತು ಹೋಗುತ್ತಿದ್ದರು.

ಇದಲ್ಲದೆ ಇನ್ನೊಂದು ಸಂಕಟವೂ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮದುವೆಯಾದ ವರ್ಷ ತವರಿನ ಪಟ್ಟಿಯಿಂದ ಅವಳ ಹೆಸರು ತೆಗೆದಿದ್ದರು. ಗಂಡನ ಮನೆಯಲ್ಲಿ ಬರೆಸಿಕೋ ಹೋಗು ಅಂದಿದ್ದರು. ಸರಿಯೆಂದು ಬಂದಿದ್ದಳು. ಈಗ ಗಂಡನ ಮನೆಯಿಂದಲೂ ತೆಗೆದರೆ ತಾನು ಎಲ್ಲಿಯವಳು?

ಗಂಡನಿಗೆ ಫೋನು ಮಾಡಿಸಿ ಮನಸೋಇಚ್ಛೆ ಬೈದಳು. "ಅಲ್ಲ ಕಣಪ್ಪ, ಕುರಿ ಮೇಸಕ್ಕೋಗವ್ಳೆ ಅನ್ನಕ್ಕೆ ನಿಂಗೇನಾಗಿತ್ತು? ಗಂಡನ್ನ ಬುಟ್ಟು ಹೋದೋಳು ಅಂತ ಆಡ್ಕಂಡು ನಗ್ತಾವ್ರಂತೆ ಹಟ್ಟಿಯೋರು!"

"ಇದ್ದುದ್ದ ಹೇಳ್ದೆ ಕಣೇ," ಅಂದ ಲಿಂಗಣ್ಣ. "ನೀನು ತೋಟದಾಗೇ ತಾನೆ ಇದ್ದಿದ್ದು?"

ಆ ಬಾಯಿಗೆ ಏನು ಹೇಳುವುದು! ಫೋನನ್ನು ಸೊಸೆಯ ಕೈಗೆ ಕೊಟ್ಟು ಮರದ ಬುಡದಲ್ಲಿ ಕೂತುಬಿಟ್ಟಳು.

ವಿಚಾರಣೆ ಸೋಮವಾರ, ಹಟ್ಟಿಗೆ ಹತ್ತಿರದ ದೊಡ್ಡ ಊರಿನ ಶಾಲೆಯಲ್ಲಿ. ಖುದ್ದಾಗಿ ಬರಬೇಕು, ಹಟ್ಟಿಯಲ್ಲೇ ವಾಸ ಎಂದು ತೋರಿಸಬೇಕು, ಸಾಕ್ಷಿ ಇದ್ದರೆ ಕರೆತರಬಹುದು ಎಂದು ಚಿರಂಜೀವಿ ಹೇಳಿದ. ತಪ್ಪಿದರೆ ಈ ಪಟ್ಟಿಯೇ ಗಟ್ಟಿ. ಬರುವ ಪಂಚಾಯ್ತಿ ಚುನಾವಣೆಗೆ ಅವಳ ಓಟಿಲ್ಲ.

ಸಾಕ್ಷಿ ಎಂದ ಕೂಡಲೇ ಹನುಮಕ್ಕನ ಮನಸ್ಸಿಗೆ ಬಂದ ಹೆಸರು ಶಿವಮೂರ್ತಿ. ಇಲ್ಲೇ ನೋಡಿ ಅವಳು ಎಡವಿದ್ದು. ಕುರಿ ಕಾಯುವವರ ಪೈಕಿ ದೊಡ್ಡ ಮರ್ಯಾದೆ ಯಾವುದೆಂದರೆ ತೋಟದ ಯಜಮಾನ ಎದ್ದು ನಿಂತು, "ಇವರು ನಮ್ಮೋರು, ಎಷ್ಟೋ ವರ್ಷದಿಂದ ನಮ್ಮ ತೋಟಕ್ಕೇ ಬರ್ತಾರೆ" ಅನ್ನುವುದು. ಕಳ್ಳತನದ ಮಾತು ಬಂದಾಗ ಪೊಲೀಸರು ನಂಬುವುದು ಆ ಮಾತನ್ನು. ಹೊಸ ಊರಿನ ಕೆರೆಯಲ್ಲಿ ಕುರಿಗೆ ನೀರು ಸಿಗುವುದು ಆ ಮಾತಿನಿಂದ. ಹಟ್ಟಿಯಲ್ಲಿ ಹೆಣ್ಣು ಕೇಳಲು ಹೋದಾಗಲೂ ಯಾವ ಯಾವ ತೋಟದವರು ಕರೆಯುತ್ತಾರೆಂದು ವಿಚಾರಿಸುತ್ತಾರೆ. ಹಾಗಿರುವಾಗ ಇಂಥ ಹೊತ್ತಿನಲ್ಲಿ ಶಿವಮೂರ್ತಿಯನ್ನು ಬಿಟ್ಟು ಬೇರೆ ಯಾರನ್ನು ಕರೆಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಶಿವಮೂರ್ತಿ ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಹನುಮಕ್ಕನ ಅತ್ತೆ ಈರಕ್ಕ ಅವನ ತೋಟದ ಹಲಸಿನ ಮರದ ಕೆಳಗೇ ಪ್ರಾಣ ಬಿಟ್ಟಿದ್ದಳು. ಆಗಿನ್ನೂ ಹುಡುಗುತನದಲ್ಲಿದ್ದ ಅವನು ಒಂದು ಪೈಸೆ ಕೇಳದೆ ತಾನೇ ಟ್ರ್ಯಾಕ್ಟರ್ ಹೊಡೆದುಕೊಂಡು ಹೆಣವನ್ನು ಹಟ್ಟಿಗೆ ಮುಟ್ಟಿಸಿದ್ದ. ಹನುಮಕ್ಕ ಇಂದಿಗೂ ಮಂದೆ ತೋಟಕ್ಕೆ ಬಂದ ಮೊದಲ ಸಂಜೆ ಆ ಹಲಸಿನ ಬುಡಕ್ಕೆ ಒಂದು ಲೋಟ ಹಾಲು ಹೊಯ್ಯುತ್ತಾಳೆ.

"ಅಯ್ಯೋ, ಅದಕ್ಯಾಕಷ್ಟು ಯೋಚ್ನೆ ಹನುಮಕ್ಕ," ಅಂದ ಶಿವಮೂರ್ತಿ. "ನಾನೇ ಬಂದು ಹೇಳ್ತೀನಿ. ಬೆಳಿಗ್ಗೆ ಕಾರಲ್ಲೇ ಹೋಗಣ ಬಾ."

"ಕಾರು ನಂಗಾಗಲ್ಲ ಸಾಮಿ, ಹೊಟ್ಟೆ ತೊಳಸ್ತದೆ. ನಾನು ಬಸ್ಸಾಗೆ ಬತ್ತೀನಿ. ನೀವು ಮಾತ್ರ ತಪ್ಪಿಸ್ಬ್ಯಾಡಿ."

ಸೋಮವಾರ ಚಿರಂಜೀವಿ ಬಂದು ಹೆಂಡತಿಯ ಜೊತೆ ಮಂದೆ ನೋಡಿಕೊಳ್ಳಲು ನಿಂತ. ಎರಡು ಕುರಿ ಇವತ್ತೋ ನಾಳೆಯೋ ಮರಿ ಹಾಕುವಂತಿದ್ದವು. ಮಗನಿಗೆ ಆಟೋದ ಗೇರು ಗೊತ್ತೇ ಹೊರತು ಕುರಿಯ ಹೊಟ್ಟೆ ಗೊತ್ತಿಲ್ಲ. ಬೇಕಾದ್ದು ಬೇಡಾದ್ದು ಎಲ್ಲ ಸೊಸೆಗೆ ಹೇಳಿ, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿ, ಹನುಮಕ್ಕ ಬಸ್ಸು ಹತ್ತಿದಳು. ಕಂಡಕ್ಟರ್ ಆಧಾರ್ ನೋಡಿ, ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್ ಹರಿದುಕೊಟ್ಟ. ಕಾರ್ಡಿನಲ್ಲಿ ಕರಿಬಂಡೆಹಟ್ಟಿ ಎಂದೇ ಇತ್ತು. ಬಸ್ಸಿನವರಿಗೆ ಬಾರದ ಅನುಮಾನ ಪಟ್ಟಿಯವರಿಗೆ ಯಾಕೆ ಬಂತೋ ಎಂದುಕೊಳ್ಳುತ್ತ ಕಿಟಕಿಗೆ ಒರಗಿದಳು. ಚಿಕ್ಕನಾಯಕನಹಳ್ಳಿ ದಾಟಿ ತೆಂಗು ತೆಳ್ಳಗಾಗಿ ಬಂಡೆಗುಡ್ಡ ಕಂಡಾಗಲೂ ಎದೆ ಹಗುರಾಗಲಿಲ್ಲ.

ಶಾಲೆಯ ಜಗಲಿಯ ತುಂಬ ಜನ. ಲಿಂಗಣ್ಣ ಹಸಿರು ಬಟ್ಟೆ ಕಟ್ಟಿಕೊಂಡು ಕಂಬಕ್ಕೆ ಒರಗಿ ಕೂತಿದ್ದ. ಹೆಂಡತಿಯನ್ನು ಕಂಡು ನಕ್ಕ. ಅವಳು ನಗಲಿಲ್ಲ.

ಪಕ್ಕದಲ್ಲಿ ವಾದ ನಡೆಯುತ್ತಿತ್ತು. ಒಂದು ಪಕ್ಷದ ಪರವಾಗಿ ಪಟ್ಟಿ ನೋಡಲು ಬಂದಿದ್ದ ದಯಾನಂದ್ ಎಂಬಾತ ಕೈಯಲ್ಲಿ ಹಾಳೆಗಳನ್ನು ಸುರುಳಿ ಮಾಡಿ ಹಿಡಿದು ಹೇಳುತ್ತಿದ್ದ: "ಕಟ್ಟುನಿಟ್ಟು ಬೇಕೇ ಬೇಕು ಕಣ್ರೀ. ಹೋದ ಸಲ ಸತ್ತೋರ ಓಟು ಬಿತ್ತು. ಒಬ್ಬ ಇಲ್ಲೂ ಒತ್ತಿ, ಬೆರಳಿನ ಶಾಯಿ ಉಜ್ಜಿ, ಆ ಕಡೆ ಊರಲ್ಲೂ ಒತ್ತಿ ಬಂದ. ನಿಜವಾದ ಓಟಿಗೆ ಬೆಲೆ ಬರ್ಬೇಕು ಅಂದ್ರೆ ಪಟ್ಟಿ ಶುದ್ಧವಾಗಿರ್ಬೇಕು."

"ಶುದ್ಧ ಮಾಡೋರು ಬದ್ಕಿರೋರ್ನೂ ತೊಳ್ದಾಕಿದ್ರೆ?" ಅಂತ ಮುದುಕಿಯೊಬ್ಬಳು ಕೇಳಿದಳು. ಅವಳನ್ನು ಸತ್ತವರ ಸಾಲಿಗೆ ಸೇರಿಸಿದ್ದರಂತೆ. ನಾಲ್ಕು ಜನ ನಕ್ಕರು.

"ಅದಕ್ಕೇ ತಾನೇ ವಿಚಾರಣೆ ಇಟ್ಟಿರೋದು. ಬಂದು ಹೇಳಿ, ಸರಿಮಾಡ್ತಾರೆ."

"ಬರಕ್ಕಾಗೋರು ಬಂದ್ವಿ. ಬರಕ್ಕಾಗ್ದೋರು?"

ದಯಾನಂದ್ ಹನುಮಕ್ಕನ ಕಡೆ ತಿರುಗಿದ. "ನಿಮ್ದೇನಮ್ಮ? ಊರು ಬಿಟ್ಟೋರು ಅಂತಾನಾ? ಆ ಕಡೆ ಎಲ್ಲೂ ಹೆಸ್ರಿಲ್ಲ ತಾನೆ?" ಕೆಟ್ಟ ದನಿಯಲ್ಲೇನೂ ಕೇಳಲಿಲ್ಲ. ಆದರೂ ಹನುಮಕ್ಕನಿಗೆ ಮೈ ಉರಿಯಿತು. ಇಷ್ಟು ವರ್ಷ ಈ ಶಾಲೆಯ ಜಗಲಿಯಲ್ಲಿ ಸೆರಗು ಸರಿಮಾಡಿಕೊಂಡು ಸಾಲಿನಲ್ಲಿ ನಿಂತವಳು ಇವತ್ತು ಕಳ್ಳಿಯ ಹಾಗೆ ಉತ್ತರ ಕೊಡಬೇಕಾಗಿ ಬಂತಲ್ಲ!

ಹೊತ್ತು ಏರುತ್ತಿತ್ತು. ಶಿವಮೂರ್ತಿಯ ಸುಳಿವಿಲ್ಲ. ಫೋನು ಮಾಡಿದರೆ ಎತ್ತುತ್ತಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು ಕಳಿಸುತ್ತಿದ್ದರು, ಸತ್ತವಳೆಂದು ಬರೆಸಿಕೊಂಡಿದ್ದ ಮುದುಕಿ ನಗುತ್ತ ಹೊರಬಂದಳು. "ಹನುಮಕ್ಕ ಕೋಂ ಲಿಂಗಣ್ಣ" ಎಂದು ಜವಾನ ಕೂಗಿದ. "ನಮ್ಮ ಸಾಕ್ಷಿಯೋರು ದಾರೀಲವ್ರೆ ಸಾಮಿ, ಇನ್ನೊಬ್ರನ್ನ ಕರೀರಿ," ಎಂದು ಹನುಮಕ್ಕ ಬೇಡಿಕೊಂಡಳು. ಅವನು ಇನ್ನೊಬ್ಬರನ್ನು ಕರೆದ. ಆಮೇಲೆ ಮತ್ತೊಬ್ಬರನ್ನು. ಮೂರನೆಯ ಸಲಕ್ಕೆ, "ಊಟಕ್ಕೇಳೋ ಹೊತ್ತಾಯ್ತು, ಬಂದ್ರೆ ಬನ್ನಿ, ಇಲ್ಲಾಂದ್ರೆ ಗೈರುಹಾಜರಿ ಹಾಕ್ತಾರೆ," ಅಂದ. ಹನುಮಕ್ಕ ಎದ್ದಳು. ಲಿಂಗಣ್ಣ ಮೆಲ್ಲಗೆ ಅವಳ ಹಿಂದೆ ಬಂದ.

ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಯೋಗಿತಾ ಎಂಬ ಹುಡುಗಿ. ಹುಡುಗಿ ಎಂದದ್ದು ಹನುಮಕ್ಕನ ಲೆಕ್ಕದಲ್ಲಿ. ಸೊಸೆಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಬೆಳಗಿನಿಂದ ಕೂಗಾಟ ಕೇಳಿ ಅವಳ ಮುಖ ಬಾಡಿತ್ತು. ದಯಾನಂದ್ ಒಳಗೆ ಬಂದು ಬದಿಯ ಬೆಂಚಿನಲ್ಲಿ ಕೂತ.

"ನಿಮ್ಮ ಮನೆಯವರೇ ಹೇಳಿದಾರಲ್ಲಮ್ಮ, ತುರುವೇಕೆರೆ ಕಡೆ ಇದಾರೆ ಅಂತ," ಅಂದಳು ಯೋಗಿತಾ.

"ಹೌದು," ಅಂದ ಲಿಂಗಣ್ಣ, ಯಾರೂ ಕೇಳದೆಯೇ.

ಹನುಮಕ್ಕ ಅವನ ಕಡೆ ನೋಡಿದ ನೋಟಕ್ಕೆ ಪೊರೆ ತೆಗೆದ ಕಣ್ಣೂ ನೆಲ ನೋಡಿತು. "ಕುರಿ ಮೇಸಕ್ಕೆ ಹೋಗಿದ್ದೆ ತಾಯಿ," ಅಂದಳು ಅವಳು. "ವರ್ಸಾವರ್ಸ ಹೋಗ್ತೀವಿ. ಮಳೆ ಬಿದ್ರೆ ಬತ್ತೀವಿ."

"ಈಗ ಎಷ್ಟು ದಿನದಿಂದ ಅಲ್ಲಿದೀರಿ?"

"ಹುರುಳಿ ಕಿತ್ ಮ್ಯಾಲಿಂದ."

"ಅಂದ್ರೆ ತಿಂಗಳುಗಟ್ಟಲೆ." ಯೋಗಿತಾ ಬರೆದುಕೊಂಡಳು. ಬರೆಯುವ ಸದ್ದು ಕೇಳಿದರೇ ಹನುಮಕ್ಕನಿಗೆ ಭಯವಾಗತೊಡಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಅಂಗಿ ಕಂಡಿತು. ಶಿವಮೂರ್ತಿ! ದಾರಿಯಲ್ಲಿ ಕಾರಿನ ಟೈರು ಒಡೆದು ತಡವಾಯಿತೆಂದು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಹನುಮಕ್ಕನಿಗೆ ಹೋದ ಜೀವ ಬಂದಂತಾಯಿತು. ಇನ್ನು ಗೆದ್ದೆ ಎಂದುಕೊಂಡಳು. ಕಂಬಳಿಯನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು ನೆಟ್ಟಗೆ ನಿಂತಳು.

ಶಿವಮೂರ್ತಿಯೂ ಮನಸಾರೆ ಹೇಳಿದ. "ಮೇಡಂ, ಇವರ ಬಗ್ಗೆ ಒಂಚೂರೂ ಅನುಮಾನ ಪಡಬೇಡಿ. ಇವರು ನಮ್ಮೋರೇ. ನಮ್ಮ ತಂದೆ ಕಾಲದಿಂದ ನಮ್ಮ ತೋಟದಲ್ಲೇ ಇರೋದು. ಒಂದು ವರ್ಷ ತಪ್ಪಿಸಿಲ್ಲ. ನಮ್ಮನೇಲಿ ಹಬ್ಬ ಆದ್ರೆ ಇವ್ರಿಗೆ ಎಲೆ ಹಾಕಿದ್ಮೇಲೇ ನಮ್ಮ ಊಟ. ಹನುಮಕ್ಕ ನಮ್ಮೂರಿನವಳೇ ಅಂದ್ಕೊಳ್ಳಿ, ಅಷ್ಟೇ."

ದಯಾನಂದ್ ಬೆಂಚಿನಿಂದ ಅರ್ಧ ಎದ್ದ.

"ಮೇಡಂ, ಸಾಕ್ಷಿನೇ ಹೇಳ್ತಿದಾರಲ್ಲ. ಇನ್ನೇನು ಬೇಕು? ತುರುವೇಕೆರೆ ಕಡೆಯವರು, ಆ ಕಡೆ ಪಟ್ಟಿಗೆ ಸೇರಲಿ. ನಮ್ಮ ಅಭ್ಯಂತರ ಏನಿಲ್ಲ."

ಹನುಮಕ್ಕನಿಗೆ ಆಗ ತಿಳಿಯಿತು. ತಾನು ಕಾಡಿ ಬೇಡಿ ಕರೆತಂದ ಮರ್ಯಾದೆಯ ಮಾತೇ ತನ್ನ ಕುತ್ತಿಗೆಗೆ ಬಂದಿತ್ತು. ಗಂಡ ಜಗಲಿಯ ಮೇಲೆ ಕೂತು ಮಾಡಿದ್ದನ್ನೇ ತಾನು ಬಸ್ಸು ಹತ್ತಿಕೊಂಡು ಬಂದು ಮಾಡಿದ್ದಳು. ಮೇಜಿನ ಅಂಚು ಹಿಡಿದುಕೊಂಡಳು.

ಯೋಗಿತಾ ಮೃದುವಾಗಿಯೇ ಹೇಳಿದಳು. "ಹೆದರ್ಕೋಬೇಡಿ. ನಿಮ್ಮ ಓಟೇನೂ ಹೋಗಲ್ಲ. ಇಲ್ಲಿಂದ ತೆಗೆದು ಹೊಂಗೇಪಾಳ್ಯಕ್ಕೆ ಸೇರಿಸ್ಕೋಬಹುದು. ಒಂದು ಅರ್ಜಿ ಕೊಟ್ಟರಾಯ್ತು."

"ಅದೇ ಒಳ್ಳೇದು ಬಿಡಿ!" ಅಂದ ಶಿವಮೂರ್ತಿ, ನಿಜವಾಗಿ ಸಂತೋಷಪಟ್ಟು. "ಓಟಿಗೋಸ್ಕರ ಅಷ್ಟು ದೂರ ಅಲೆಯೋದು ತಪ್ಪುತ್ತೆ. ನಮ್ಮೂರಲ್ಲೇ ಹಾಕು ಹನುಮಕ್ಕ."

"ನಿಮ್ಮೂರಾಗೆ ನಂದೇನೈತೆ ಸಾಮಿ?" ಅಂದಳು ಹನುಮಕ್ಕ. "ತೋಟದಾಗೆ ಒಂದು ಗುಡ್ಲು ಆಕ್ಕಳೋವಷ್ಟು ಜಾಗ ನನ್ನೆಸ್ರಿಗೆ ಬರ್ದುಕೊಡಿ. ಇವತ್ತೇ ನಿಮ್ಮೂರೋಳಾಯ್ತೀನಿ."

ಶಿವಮೂರ್ತಿಯ ನಗು ಅಲ್ಲೇ ನಿಂತಿತು. "ಅದು... ಅದು ಬೇರೆ ವಿಷಯ ಹನುಮಕ್ಕ. ಅಣ್ಣತಮ್ಮಂದಿರ ಪಾಲು, ಪತ್ರ ಎಲ್ಲ ಇರ್ತದಲ್ಲ."

"ನೋಡಿದ್ರಾ ತಾಯಿ?"

ಯೋಗಿತಾ ಅಡ್ಡಡ್ಡ ತಲೆಯಾಡಿಸಿದಳು. "ಜಾಗಕ್ಕೂ ಓಟಿಗೂ ಸಂಬಂಧ ಇಲ್ಲಮ್ಮ. ಮನೆಯೇ ಇಲ್ಲದೆ ರಸ್ತೆ ಬದಿ ಇರೋರಿಗೂ ಓಟಿದೆ. ಅವರು ರಾತ್ರಿ ಎಲ್ಲಿ ಮಲಗ್ತಾರೋ ಅದನ್ನೇ ವಿಳಾಸ ಅಂತ ತಗೋತೀವಿ. ನೀವು ಎಲ್ಲಿ ಮಲಗ್ತೀರಿ, ಅದನ್ನ ಹೇಳಿ ಸಾಕು."

ಬಡವರಿಗೆಂದೇ ಮಾಡಿದ ನಿಯಮ, ಒಳ್ಳೆಯ ನಿಯಮವೇ. ಅದೂ ಹನುಮಕ್ಕನ ಮೇಲೆಯೇ ತಿರುಗಿ ಬಿತ್ತು. ಅವಳು ಮಲಗುವುದು ಬಲೆಯ ಪಕ್ಕ, ಕುರಿಗಳ ಉಸಿರು ಕೇಳುವಷ್ಟು ಹತ್ತಿರ. ಹಾಗೆಂದರೆ ಮುಗಿಯಿತು. ಸುಳ್ಳು ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿ ಲಿಂಗಣ್ಣ ನಿಂತಿದ್ದ. ಸುಳ್ಳು ಹೇಳಿದರೆ ಈ ಪುಣ್ಯಾತ್ಮ ಅಲ್ಲೇ ತಿದ್ದುತ್ತಾನೆ. ಕಿಟಕಿಯಾಚೆ ಜವಾನ ಊಟದ ಡಬ್ಬಿ ತೆರೆಯುತ್ತಿದ್ದ. ಯೋಗಿತಾಳ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

ಹನುಮಕ್ಕ ಶಿವಮೂರ್ತಿಯ ಕಡೆ ತಿರುಗಿದಳು.

"ಸಾಮಿ, ನಾನೊಂದು ಕೇಳ್ತೀನಿ, ಇದ್ದುದ್ದ ಇದ್ದಂಗೆ ಹೇಳಿ. ನಮ್ಮತ್ತೆ ಈರಕ್ಕ ನಿಮ್ಮ ಹಲಸಿನ ಮರದ ಕೆಳ್ಗೆ ಸತ್ತೋದ್ಲಲ್ಲ. ಎಷ್ಟು ವರ್ಸ ನಿಮ್ಮ ತೋಟದಾಗೆ ಮಲ್ಗಿದ್ಲು ಅವ್ಳು?"

"ಅಯ್ಯೋ, ನಾನು ಹುಟ್ಟೋಕ್ ಮುಂಚಿಂದ."

"ಅವ್ಳ್ನ ಎಲ್ಲಿ ಮಣ್ಣು ಮಾಡಿದ್ರಿ?"

ಶಿವಮೂರ್ತಿಯ ಕೈ ಅಂಗಿಯ ಗುಂಡಿಯನ್ನು ಹುಡುಕಿತು.

"ಹೇಳಿ ಸಾಮಿ."

"ನಿಮ್ಮಟ್ಟೀಲಿ," ಅಂದ ಅವನು. "ನಾನೇ ಟ್ರ್ಯಾಕ್ಟರಲ್ಲಿ ತಂದೆ."

"ಯಾಕೆ? ತೋಟ ಅಷ್ಟು ದೊಡ್ದಾಗೈತೆ."

ಶಿವಮೂರ್ತಿ ಒಳ್ಳೆಯ ಮನುಷ್ಯ ಎಂದು ಆಗಲೇ ಹೇಳಿದ್ದೇನೆ. ಕೆಟ್ಟವನಾಗಿದ್ದರೆ ಇಲ್ಲಿ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದ. ಅವನು ಯೋಗಿತಾಳನ್ನೂ ನೋಡದೆ, ಹನುಮಕ್ಕನನ್ನೂ ನೋಡದೆ, ಗೋಡೆಯ ಮೇಲಿನ ಮಕ್ಕಳ ಕಾಗುಣಿತದ ಪಟವನ್ನು ನೋಡುತ್ತ ಹೇಳಿದ: "ನಮ್ಮಪ್ಪ ಬೇಡ ಅಂದ್ರು. ಬೇರೆ ಊರಿನವರ ಹೆಣ ನಮ್ಮ ತೋಟದಲ್ಲಿ ಬೇಡ, ಅವರೂರಿಗೆ ಕಳಿಸು ಅಂದ್ರು. ಮಧ್ಯಾಹ್ನದ ಬಿಸಿಲು, ದಾರಿಯುದ್ದಕ್ಕೂ ಇವಳು ಹಿಂದೆ ಕೂತು ಅತ್ತೆ ಮುಖಕ್ಕೆ ಸೆರಗು ಹಿಡ್ಕೊಂಡು ಬಂದ್ಲು."

"ನಾಳೆ ನಾನು ಸತ್ರೆ?" ಅಂದಳು ಹನುಮಕ್ಕ.

ಉತ್ತರಕ್ಕೆ ಕಾಯದೆ ಯೋಗಿತಾಳ ಕಡೆ ತಿರುಗಿದಳು.

"ಮಲ್ಗೋ ಜಾಗ ಕೇಳಿದ್ರಲ್ಲ ತಾಯಿ. ಕುರಿ ಎಲ್ಲಿ ನಿಲ್ತವೋ ಅಲ್ಲಿ ಮಲಗ್ತೀನಿ, ಅದು ಕೂಲಿ. ಎದ್ದು ಹೋಗೋ ಜಾಗ ಅದು. ಹೆಣ ಎಲ್ಲಿಗೆ ತತ್ತಾರೋ ಅದು ನಮ್ಮೂರು. ಅದ ಬರ್ಕಳಿ."

ಹೇಳಿ ಮುಗಿಸುವ ಹೊತ್ತಿಗೆ ಅವಳಿಗೆ ಅಳು ಬಂತು. ಸೋತೆನೆಂಬ ಅಳುವೋ, ಬದುಕಿರುವಾಗಲೇ ಹೆಣದ ಮಾತಾಡಬೇಕಾಯಿತಲ್ಲ ಎಂಬ ಅವಮಾನವೋ, ಅವಳಿಗೇ ತಿಳಿಯದು. ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡಳು.

ಯೋಗಿತಾ ಪೆನ್ನು ಕೆಳಗಿಟ್ಟಳು. ಮೇಜಿನ ಮೇಲಿದ್ದ ನಿಯಮಗಳ ದಪ್ಪ ಪುಸ್ತಕ ಎಳೆದುಕೊಂಡು ಹಾಳೆ ತಿರುವಿದಳು, ನಿಂತಳು, ಹಿಂದಕ್ಕೆ ತಿರುವಿದಳು. ದಯಾನಂದ್ ಏನೋ ಹೇಳಹೋದ. ಅವಳು ಅಂಗೈ ಎತ್ತಿ ತಡೆದಳು. ಆ ಹೊತ್ತು ಹನುಮಕ್ಕನಿಗೆ ಕೊನೆಯೇ ಇಲ್ಲದಂತೆ ಕಂಡಿತು.

"ಇಲ್ಲೊಂದು ಮಾತಿದೆ," ಅಂದಳು ಯೋಗಿತಾ ಕೊನೆಗೆ. "ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ಯಾರ ವಾಸವೂ ತಪ್ಪೋದಿಲ್ಲ ಅಂತ. ಇದನ್ನ ಬೆಳಿಗ್ಗೆನೇ ನೋಡ್ಬೇಕಿತ್ತು ನಾನು." ಆಮೇಲೆ ದಯಾನಂದನ ಕಡೆ ತಿರುಗಿ, "ಇವರ ಹೆಸರು ಆ ಕಡೆ ಪಟ್ಟಿಯಲ್ಲಿಲ್ಲ, ಪರೀಕ್ಷೆ ಮಾಡಿಸಿದೀನಿ. ವರ್ಷಾವರ್ಷ ಹೋಗಿ ವರ್ಷಾವರ್ಷ ವಾಪಸ್ ಬರ್ತಾರೆ ಅಂತ ನಿಮ್ಮೆದುರೇ ಸಾಕ್ಷಿ ಆಯ್ತು. ಇನ್ನೂ ಅಭ್ಯಂತರ ಇದ್ರೆ ಬರೆದುಕೊಡಿ," ಅಂದಳು.

ದಯಾನಂದ್ ಹಾಳೆಯ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದ. "ಇಲ್ಲ ಮೇಡಂ. ಇವರದ್ದು ಬೇಡ," ಅಂದ.

ಹೆಸರು ಉಳಿಯಿತು. ಯೋಗಿತಾ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು: ಹನುಮಕ್ಕ, ಗಂಡ ಲಿಂಗಣ್ಣ, ವಾಸ ಕರಿಬಂಡೆಹಟ್ಟಿ. ಹನುಮಕ್ಕ ಇನ್ನೊಮ್ಮೆ ಓದಿಸಿ ಕೇಳಿಕೊಂಡಳು.

ಹೊರಗೆ ಬೇವಿನ ಮರದ ಕೆಳಗೆ ಶಿವಮೂರ್ತಿ ಕಾರಿನ ಬಾಗಿಲು ಹಿಡಿದು ನಿಂತಿದ್ದ. "ಒಳ್ಳೇದಾಗ್ಲಿ ಅಂತ ಹೇಳಿದ್ದು ಹನುಮಕ್ಕ. ತಪ್ಪು ತಿಳ್ಕೋಬೇಡ," ಅಂದ.

"ಬುಡಿ ಸಾಮಿ. ನಿಜ ಹೇಳಿದ್ರಲ್ಲ, ಅಷ್ಟು ಸಾಕು," ಅಂದಳು ಅವಳು. ಕೋಪವಿರಲಿಲ್ಲ. ಆದರೆ ಮುಂದಿನ ವರ್ಷ ಹಲಸಿನ ಬುಡಕ್ಕೆ ಹಾಲು ಹೊಯ್ಯುವಾಗ ಈ ಮಾತು ಇಬ್ಬರಿಗೂ ನೆನಪಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಹೊರಟುಹೋದ.

ಅನುಪಮಾ ಫೋನು ಮಾಡಿದಳು. ಒಂದು ಕುರಿ ಮರಿ ಹಾಕಿತಂತೆ, ತಾಯಿ ಮರಿ ಎರಡೂ ಚೆನ್ನಾಗಿವೆಯಂತೆ, ಚಿರಂಜೀವಿ ಹೆದರಿ ದೂರ ನಿಂತಿದ್ದನಂತೆ. ಹನುಮಕ್ಕನಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಸಂಜೆಯೊಳಗೆ ತೋಟಕ್ಕೆ ಮುಟ್ಟಬೇಕಿತ್ತು, ಬಸ್ಸು ಬರುವ ಹೊತ್ತಾಗಿತ್ತು. ಹಟ್ಟಿ ಅಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ಹೋಗಿಬರಲು ಹೊತ್ತಿರಲಿಲ್ಲ.

ಬಸ್ಸು ನಿಲ್ಲುವ ಜಾಗದವರೆಗೂ ಲಿಂಗಣ್ಣ ಜೊತೆಗೆ ಬಂದ. ಏನೋ ಕೇಳಬೇಕೆಂದು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ. ಬಸ್ಸು ತಿರುವಿನಲ್ಲಿ ಕಂಡಾಗ ಕೇಳಿದ.

"ಇನ್ನೊಂದ್ಸಲ ಯಾರಾದ್ರೂ ಬಂದು ಹನುಮಕ್ಕ ಎಲ್ಲಿ ಅಂದ್ರೆ ಏನನ್ಲೇ?"

"ಇಲ್ಲೇ ಅವ್ಳೆ ಅನ್ನು."

ಲಿಂಗಣ್ಣ ಯೋಚನೆ ಮಾಡಿದ. ಹೆಂಡತಿ ಹತ್ತಬೇಕೆಂದು ಬಂದು ನಿಂತ ಬಸ್ಸನ್ನು ನೋಡಿದ, ಅದರ ಹಣೆಯ ಮೇಲಿನ ತುರುವೇಕೆರೆ ಎಂಬ ಬೋರ್ಡನ್ನು ನೋಡಿದ.

"ಸುಳ್ಳಾಗಲ್ವೇನೇ?"

ಹನುಮಕ್ಕ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ನಿಂತಳು. ಬೈಯುತ್ತಾಳೆಂದು ಅವನು ಕಾದಿದ್ದ.

"ಇಲ್ಲ," ಅಂದಳು. "ಸುಳ್ಳಾಗಲ್ಲ ಕಣಪ್ಪ."